ಗೇಟಿನ ಚಾಚಾ ಕೇಳಿದ ಪ್ರಶ್ನೆ

ಚಾಚಾರ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಬಿದ್ರಿ ಪಾತ್ರೆಗಳ ಕೆಲಸ ಮಾಡುತ್ತಿದ್ದ ವಯಸ್ಸಿನಲ್ಲಿ ಸುತ್ತಿಗೆಯ ಪೆಟ್ಟು ಬಿದ್ದು ಹೋಗಿತ್ತಂತೆ. ತುದಿ ಚಪ್ಪಟೆಯಾಗಿ, ಕಲ್ಲಿನಂತೆ ಉಳಿದಿತ್ತು. ಫೋನಿನ ಪರದೆಗೆ ಆ ಬೆರಳು ಗೊತ್ತೇ ಆಗುತ್ತಿರಲಿಲ್ಲ. ಹಾಗಾಗಿ ನಡುಬೆರಳಿನಿಂದ ಒಂದೊಂದೇ ಸಾಲು ಮೇಲಕ್ಕೆ ತಳ್ಳುತ್ತ, ತುಟಿ ಆಡಿಸುತ್ತ ಓದುತ್ತಿದ್ದರು.

ಆಗ ನಾನು ಭಾಲ್ಕಿಯಿಂದ ದಿನಾ ಬಸ್ಸಿನಲ್ಲಿ ಬೀದರಿಗೆ ಬಂದು, ಒಂದು ಸಣ್ಣ ಕಚೇರಿಯಲ್ಲಿ ಮೊಬೈಲ್ ಆ್ಯಪ್ ಮಾಡುತ್ತಿದ್ದೆ. ಬೀದರಿನ ಪಕ್ಕದ ಕೊಳಾರದ ಕಾರ್ಖಾನೆಯೊಂದು ಸುರಕ್ಷತಾ ನಿಯಮಗಳ ಆ್ಯಪ್ ಕೇಳಿತು. ಕೆಲಸಗಾರರು ದಿನಾ ತಮ್ಮ ಫೋನಿನಲ್ಲಿ ನಿಯಮ ಓದಿ, ಗೇಟಿನಲ್ಲಿ ತೋರಿಸಿ ಒಳಗೆ ಹೋಗಬೇಕು. ಪುಟದ ತಳ ಮುಟ್ಟುವವರೆಗೆ ‘ಓದಿದ್ದೇನೆ’ ಎಂಬ ಬಟನ್ ಮಂಕಾಗಿರಬೇಕು, ಮುಟ್ಟಿದರೆ ಹಸಿರಾಗಬೇಕು. ತಳ ಮುಟ್ಟಿದ್ದನ್ನು ಪತ್ತೆ ಹಚ್ಚುವ ಭಾಗ ಬರೆದವಳು ನಾನು. ಪುಟ ಸರಿದ ದೂರಕ್ಕೆ ಪರದೆಯ ಎತ್ತರ ಕೂಡಿಸಿ ಪುಟದ ಎತ್ತರಕ್ಕೆ ಹೋಲಿಸುವುದು, ಅಷ್ಟೇ. ಕೆಲವು ಫೋನುಗಳಲ್ಲಿ ಈ ಲೆಕ್ಕ ಕೂದಲೆಳೆಯಷ್ಟು ಕಡಿಮೆ ಬಂದು ಬಟನ್ ಮಂಕಾಗಿಯೇ ಉಳಿಯಿತು. ಸ್ವಲ್ಪ ಸಡಿಲ ಬಿಟ್ಟು ಸರಿಪಡಿಸಿದೆ.

ಅದನ್ನು ನೋಡಲೆಂದು ಕಾರ್ಖಾನೆಗೆ ಹೋದ ದಿನ ಗೇಟಿನ ಕಾವಲಿಗಿದ್ದ ಚಾಚಾ ನನ್ನನ್ನು ತಮ್ಮ ಸ್ಟೂಲಿನ ಮೇಲೆ ಕೂರಿಸಿ, ತಮ್ಮ ಚಹಾದಲ್ಲಿ ಅರ್ಧ ಸುರಿದುಕೊಟ್ಟರು. ಬಂದವರೆಲ್ಲ ಒಮ್ಮೆ ಜೋರಾಗಿ ಬೆರಳಾಡಿಸುತ್ತಿದ್ದರು. ಪುಟ ಓಡಿ ತಳಕ್ಕೆ ಬೀಳುತ್ತಿತ್ತು. ಹಸಿರು. ಪಾಳಿಯವರೆಲ್ಲ ಒಳಗೆ ಹೋದ ಮೇಲೆ ಚಾಚಾ ಕೇಳಿದರು:

“ತಳ ಮುಟ್ಟಿದ್ದು ಫೋನಿಗಿ ತಿಳೀತದ, ಬೇಟಿ. ಓದಿದ್ದು ಹ್ಯಾಂಗ ತಿಳೀತದ?”

ಕಾರ್ಖಾನೆಯವರು ಕೇಳಿದ್ದು ಇಷ್ಟೇ ಎಂದೆ. ಅವರು ವಾದ ಮಾಡಲಿಲ್ಲ. ಮರುದಿನದಿಂದ ಒಬ್ಬೊಬ್ಬರನ್ನೂ ನಿಲ್ಲಿಸಿ ಕೊನೆಯ ಸಾಲು ಏನೆಂದು ಕೇಳತೊಡಗಿದರು. ಗೊತ್ತಿಲ್ಲದವರಿಗೆ ತಾವೇ ಓದಿ ಹೇಳಿ, ಅವರ ಬಾಯಿಂದ ಹೇಳಿಸುತ್ತಿದ್ದರು. ಔರಾದ ಕಡೆಯ ಕೆಲವರಿಗೆ ಮರಾಠಿಯಲ್ಲೂ ಹೇಳಿದರಂತೆ. ಹೊರಗೆ ಒಬ್ಬರು ಹಗ್ಗ ಹಿಡಿದು ನಿಲ್ಲದೆ ಟ್ಯಾಂಕಿನೊಳಗೆ ಇಳಿಯಬಾರದು ಎಂಬುದು ಆ ಸಾಲು.

ಗೇಟಿನಲ್ಲಿ ಜನ ನಿಲ್ಲತೊಡಗಿದರು. ಮ್ಯಾನೇಜರ್ ನನ್ನನ್ನು ಕರೆಸಿ, ಆ್ಯಪ್ ಇದ್ದಮೇಲೆ ಈ ಮುದುಕನ ಶಾಲೆ ಯಾಕೆ ಎಂದು ಕೇಳಿದರು. ನಾನು ಸುಮ್ಮನಿದ್ದೆ. ಮುಂದಿನ ವಾರ ಚಾಚಾರನ್ನು ಹಿಂದಿನ ಗೋದಾಮಿಗೆ ಹಾಕಿದರು.

ಎರಡು ತಿಂಗಳ ನಂತರ, ಡಾಬಕಾದಿಂದ ಬರುತ್ತಿದ್ದ ನಲವತ್ತು ದಾಟಿದ ಕೆಲಸಗಾರನೊಬ್ಬನಿಗೆ ಟ್ಯಾಂಕ್ ತೊಳೆಯಲು ಹೇಳಿದರು. ಇನ್ನೊಬ್ಬ ಬರುವವರೆಗೆ ಇಳಿಯುವುದಿಲ್ಲ ಎಂದು ಆತ ಕೂತುಬಿಟ್ಟ. ಬೈದರೂ ಏಳಲಿಲ್ಲ. ಕೊನೆಗೆ ಆತನ ನಡುವಿಗೆ ಹಗ್ಗ ಕಟ್ಟಿ, ಒಬ್ಬನನ್ನು ಮೇಲೆ ನಿಲ್ಲಿಸಿದರು. ಇಳಿದ ಸ್ವಲ್ಪ ಹೊತ್ತಿಗೆ ಒಳಗಿನ ವಿಷಗಾಳಿಗೆ ಎಚ್ಚರ ತಪ್ಪಿ ಬಿದ್ದ. ಮೇಲಿದ್ದವನು ಕೂಗಿ ಜನ ಸೇರಿಸಿ ಎಳೆದ. ಬಿದ್ದವನು ಬದುಕಿದ.

ಆ್ಯಪಿನ ದಾಖಲೆ ತೆಗೆದು ನೋಡಿದೆ. ಆ ದಿನ ಆತ ನಿಯಮಗಳನ್ನು ಓದಿ ಮುಗಿಸಿದ್ದು ಮೂರು ಸೆಕೆಂಡಿನಲ್ಲಿ. ಆಸ್ಪತ್ರೆಯಲ್ಲಿ ಕೇಳಿದಾಗ, “ಫೋನಿನಾಗಿಂದು ನನಗ ಗೊತ್ತಿಲ್ರಿ. ಚಾಚಾ ಮೂರು ಸಲ ಬಾಯಿಲೆ ಹೇಳಿಸಿದ್ರು” ಎಂದ.

ಗೋದಾಮಿಗೆ ಹೋಗಿ ಚಾಚಾರಿಗೆ ಎಲ್ಲ ಹೇಳಿದೆ. ಅಂದು ಮ್ಯಾನೇಜರ್ ಮುಂದೆ ಬಾಯಿ ಬಿಡದಿದ್ದುದನ್ನೂ ಹೇಳಬೇಕೆಂದಿದ್ದೆ. ಆಗಲಿಲ್ಲ. ಅವರು ಕೇಳಿಸಿಕೊಂಡು, “ಅಂವಗ ನೆನಪಿತ್ತಲ್ಲ. ಸಾಕು” ಎಂದರು. ಆಮೇಲೆ ಊಟ ಆಯಿತೇ ಎಂದು ವಿಚಾರಿಸಿದರು.

ಆ ಚಳಿಗಾಲದಲ್ಲೇ ಚಾಚಾ ತೀರಿಕೊಂಡರು. ಡಾಬಕಾದ ಆತನೇ ಫೋನ್ ಮಾಡಿ ತಿಳಿಸಿದ. ನಾನಿದ್ದ ಬಸ್ಸು ಆಗಷ್ಟೇ ಹಲಬರ್ಗಾ ದಾಟಿತ್ತು. ಹೊಲಗಳನ್ನು ನೋಡುತ್ತ ಕೂತೆ. ಅಳು ಬರಲಿಲ್ಲ. ಅವರ ಮನೆಗೆ ಹೋಗಿ ಹೆಂಗಸರ ನಡುವೆ ಕೂತಾಗಲೂ ಬರಲಿಲ್ಲ. ಯಾರೋ ನೀರು ಕೊಟ್ಟರು, ಕುಡಿದೆ.

ಮರುದಿನ ಕಚೇರಿಗೆ ಹೋಗಿ, ತಳ ಮುಟ್ಟಿದ್ದನ್ನು ಪತ್ತೆ ಹಚ್ಚುವ ಭಾಗವನ್ನು ಅಳಿಸಿದೆ. ಅಲ್ಲಿ ಪ್ರತಿ ನಿಯಮಕ್ಕೂ ಒಂದೊಂದು ಪ್ರಶ್ನೆ ಇಟ್ಟೆ. ಉತ್ತರ ಸರಿಯಾದರೆ ಮಾತ್ರ ಮುಂದಿನದು. ಮ್ಯಾನೇಜರ್ ಫೋನ್ ಮಾಡಿ, ಗೇಟಿನಲ್ಲಿ ತಡವಾಗುತ್ತಿದೆ, ಮೊದಲಿನ ಹಾಗೆ ಮಾಡಿಕೊಡಿ ಎಂದರು.

“ಆಗಲ್ರಿ,” ಎಂದೆ. “ತಡ ಆಗ್ಲಿ.”