ಕೆಳಗಿನಿಂದ ಎಳೆಯಬೇಕಾದ ಆರು ಗೆರೆ

1996ರ ಚಳಿಗಾಲ. ಮಸ್ಕತ್‌ನಲ್ಲಿ ಒಂಬತ್ತು ವರ್ಷ ದುಡಿದು ಬಂದಿದ್ದ ನಾನು ಆಗ ಆಸ್ಟ್ರೇಲಿಯಾದ ಪರ್ತ್‌ನ ಒಂದು ಆಸ್ಪತ್ರೆಯ ಸರ್ಜಿಕಲ್ ವಾರ್ಡಿನಲ್ಲಿ ನರ್ಸ್. ಜನ ಸಾಲದೆ ಹನ್ನೊಂದು ದಿನ ರಜೆಯಿಲ್ಲದೆ ಕೆಲಸ ಮಾಡಿದ್ದೆ. ಥಾರ್ನ್ಲಿ ಬಡಾವಣೆಯ ಮನೆ ಸೇರಿದರೆ ಶೂ ಬಿಚ್ಚುವಷ್ಟೂ ತ್ರಾಣ ಇರುತ್ತಿರಲಿಲ್ಲ.

ಏಳನೇ ಹಾಸಿಗೆಯಲ್ಲಿ ಮಿಸ್ಟರ್ ಲಿಮ್ ಎಂಬ ಚೀನೀ ವೃದ್ಧರಿದ್ದರು. ಸಕ್ಕರೆ ಕಾಯಿಲೆಯಿಂದ ಬಲಗಾಲಿನ ಎರಡು ಬೆರಳು ಕೊಳೆತಿದ್ದವು. ವೈದ್ಯರ ಮಾತಿನಲ್ಲಿ ಗ್ಯಾಂಗ್ರೀನ್. ಬೆರಳು ತೆಗೆಯದಿದ್ದರೆ ಕಾಲಿಗೇ ಅಪಾಯ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು ಶಕುನ ಕೇಳಬೇಕೆಂದು ಅವರು ಹಟ ಹಿಡಿದರು. ಮೂರು ನಾಣ್ಯಗಳನ್ನು ಆರು ಸಲ ಎಸೆಯಬೇಕು. ನಾಣ್ಯದ ಒಂದು ಮುಖಕ್ಕೆ ಮೂರು, ಇನ್ನೊಂದಕ್ಕೆ ಎರಡು ಎಂದು ಕೂಡಿಸಿ, ಮೊತ್ತ ಬೆಸ ಬಂದರೆ ಇಡೀ ಗೆರೆ, ಸಮ ಬಂದರೆ ನಡುವೆ ತುಂಡಾದ ಗೆರೆ. ಆರು ಗೆರೆಗಳ ಆ ಆಕೃತಿಯೇ ಹೆಕ್ಸಾಗ್ರಾಮ್. ಅವರ ಕಣ್ಣು ಮಂಜಾಗಿತ್ತು, ನಾಣ್ಯ ಕಾಣುತ್ತಿರಲಿಲ್ಲ. ಎಣಿಸುವುದನ್ನು ಹೇಳಿಕೊಟ್ಟು, ದಪ್ಪ ಮಾರ್ಕರಿನಲ್ಲಿ ಗೆರೆ ಎಳೆಯುವ ಕೆಲಸ ನನಗೆ ವಹಿಸಿದರು.

ಮೊದಲ ಮೂರು ತುಂಡು ಗೆರೆ, ಆಮೇಲಿನ ಮೂರು ಇಡೀ ಗೆರೆ. ಚಾರ್ಟ್ ತುಂಬಿ ರೂಢಿಯಾದ ಕೈ, ಮೇಲಿನಿಂದ ಕೆಳಕ್ಕೆ ಎಳೆದುಕೊಟ್ಟೆ. ಅವರು ಕಾಗದವನ್ನು ಮೂಗಿನ ಹತ್ತಿರ ಹಿಡಿದು ನಕ್ಕರು. "ತುಂಡು ಗೆರೆ ಭೂಮಿ, ಇಡೀ ಗೆರೆ ಆಕಾಶ. ಮೇಲೆ ಭೂಮಿ, ಕೆಳಗೆ ಆಕಾಶ. ಅದು ಇಳಿಯುತ್ತದೆ, ಇದು ಏರುತ್ತದೆ, ಎರಡೂ ಕೂಡುತ್ತವೆ. ಶಾಂತಿ," ಎಂದು ಇಂಗ್ಲಿಷಿನಲ್ಲಿ ಹೇಳಿ ಸಹಿ ಹಾಕಿದರು.

ಮರುದಿನ ಬೆಳಿಗ್ಗೆ, ಆಪರೇಷನ್‌ಗೆ ಎರಡು ಗಂಟೆ ಮೊದಲು, ಅವರ ಹೆಂಡತಿ ಗಂಡ ಯಾವಾಗ ಮನೆಗೆ ಬಂದಾರೆಂದು ತಾವೂ ಶಕುನ ನೋಡಲು ಕುಳಿತರು. ಮೊದಲ ಗೆರೆಯನ್ನು ಕಾಗದದ ತಳದಲ್ಲಿ ಎಳೆದರು, ಎರಡನೆಯದನ್ನು ಅದರ ಮೇಲೆ. ಗೆರೆಗಳನ್ನು ಕೆಳಗಿನಿಂದ ಮೇಲಕ್ಕೆ ಎಳೆಯಬೇಕಿತ್ತು, ನಾನು ತಿರುಗುಮುರುಗಾಗಿ ಎಳೆದುಕೊಟ್ಟಿದ್ದೆ.

ಜೂನಿಯರ್ ಸರ್ಜನ್ ಪ್ರಸಾದ್ ಮೈಸೂರಿನವರು. ಅವರಿಗೆ ಎಲ್ಲ ಹೇಳಿದೆ.

"ಸೈನ್ ಆಗೋಯ್ತಲ್ಲ ಸಿಸ್ಟರ್, ಸುಮ್ನಿದ್ಬಿಡಿ. ಎರಡು ಬೆರಳಲ್ಲಿ ಮುಗಿಯತ್ತೆ."

"ಅವ್ರು ಸೈನ್ ಹಾಕಿದ್ದು ನಾನೆಳೆದ ತಪ್ಪು ಗೆರೆ ನೋಡಿ, ಡಾಕ್ಟ್ರೇ."

ಹೋಗಿ ಹೇಳಿಬಿಟ್ಟೆ. ಲಿಮ್ ಏನೂ ಬೈಯಲಿಲ್ಲ. ಕಾಗದವನ್ನು ತಲೆಕೆಳಗು ಮಾಡಿ ನೋಡಿದರು. ಈಗ ಆಕಾಶ ಮೇಲೆ, ಭೂಮಿ ಕೆಳಗೆ, ಎರಡೂ ಕೂಡುವುದಿಲ್ಲ. "ತಡೆ," ಎಂದರು. ಕೊಟ್ಟ ಒಪ್ಪಿಗೆ ಹಿಂತೆಗೆದುಕೊಂಡರು, ಆಪರೇಷನ್ ರದ್ದಾಯಿತು. ಪ್ರಸಾದ್ ನನ್ನೊಡನೆ ಮಾತು ಬಿಟ್ಟರು. ನನಗೂ ನನ್ನ ಮೇಲೆಯೇ ಸಿಟ್ಟಿತ್ತು.

ಆರನೇ ದಿನ ಜ್ವರ ಏರಿತು, ಸೋಂಕು ಹಿಮ್ಮಡಿ ದಾಟಿತ್ತು. ಈ ಸಲ ಲಿಮ್ ನಾಣ್ಯ ಕೇಳಲಿಲ್ಲ. ನನ್ನನ್ನು ಕರೆಸಿ, "ನೀನು ಏನು ಹೇಳುತ್ತೀ?" ಎಂದರು. ಮಾಡಿಸಿಕೊಳ್ಳಿ ಎಂದೆ. ತಕ್ಷಣ ಸಹಿ ಹಾಕಿದರು. ನನ್ನ ಮಾತನ್ನು ಹೇಗೆ ನಂಬಿದಿರಿ ಎಂದು ಕೇಳಿದೆ.

"ನಿನ್ನ ತಪ್ಪನ್ನು ನೀನೇ ಬಂದು ಹೇಳಿದೆಯಲ್ಲ."

ಬಲಗಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಬೇಕಾಯಿತು.

ಆಮೇಲೆ ಹದಿನೆಂಟು ವರ್ಷ ಕೆಲಸ ಮಾಡಿದೆ. ಗೊತ್ತಿಲ್ಲದ ಆಚಾರ ಎದುರಾದಾಗಲೆಲ್ಲ, ಎಲ್ಲಿಂದ ಶುರುಮಾಡಬೇಕು ಎಂದು ಮೊದಲೇ ಕೇಳುತ್ತಿದ್ದೆ. ಅಷ್ಟು ಕೇಳಲು ಅರ್ಧ ನಿಮಿಷ ಸಾಕು. ಸುಸ್ತಾಗಿದ್ದ ಆ ದಿನ ನಾನು ಕೇಳಲಿಲ್ಲ. ನಿಜ ಹೇಳಿದ್ದಕ್ಕೆ ಅವರ ನಂಬಿಕೆ ಸಿಕ್ಕಿದ್ದು ನನಗೆ. ಕಾಲು ಹೋದದ್ದು ಅವರದ್ದು.