ಬಾವಿಯ ಬಳಿಯ ರೀಲು

ಖಟ್ ಖಟಾ ಖಟ್. ಬನಹಟ್ಟಿಯ ಆ ಓಣಿಯಲ್ಲಿ ಕೋಳಿಗಿಂತ ಮೊದಲು ಮಗ್ಗಗಳು ಎದ್ದಿರುತ್ತಿದ್ದವು. ಗೂಳಪ್ಪನ ಮನೆಯಲ್ಲಿ ಮಾತ್ರ ಮಗ್ಗದ ಸದ್ದಿನೊಳಗೆ ಮಾತೂ ಸೇರಿರುತ್ತಿತ್ತು. ಲಾಳಿ ಎಡಕ್ಕೆ ಹೋದಾಗ ಕುದುರೆ ಸವಾರನ ಗಡಸು ದನಿ, ಬಲಕ್ಕೆ ಬಂದಾಗ ವಿಧವೆಯ ಮೆಲುದನಿ.

ಅರವತ್ತೆಂಟರ ಆ ದಿನಗಳಲ್ಲಿ ಊರಿನ ತಗಡಿನ ಟಾಕೀಜಿಗೆ ಇಂಗ್ಲಿಷ್ ಚಿತ್ರ ಬಂದರೆ, ಬೆಳಗಿನ ಆಟಕ್ಕೆ ಪರದೆಯ ಪಕ್ಕ ಒಬ್ಬರು ಮೈಕು ಹಿಡಿದು ಕನ್ನಡದಲ್ಲಿ ಕಥೆ ಹೇಳಬೇಕಿತ್ತು. ಆ ಕೆಲಸ ಗೂಳಪ್ಪನದು; ಪಾತ್ರಗಳ ದನಿಗಳನ್ನು ಅವನು ಮಗ್ಗದಲ್ಲೇ ರೂಢಿಸಿಕೊಳ್ಳುತ್ತಿದ್ದ. ಪುಣೆಯ ಮಿಲಿಟರಿ ಕ್ಯಾಂಟೀನಿನಲ್ಲಿ ಆರು ವರ್ಷ ಕಪ್ಪು-ಬಸಿ ತೊಳೆಯುತ್ತ ಕಿವಿಗೆ ಬಿದ್ದ ಇಂಗ್ಲಿಷು ಅವನ ಬಂಡವಾಳ. ನೇಯುವಾಗ ತಲೆ ತಗ್ಗಿಸಿರುತ್ತಿದ್ದವನು ಮೈಕು ಹಿಡಿದರೆ ಬೇರೆಯೇ ಮನುಷ್ಯ.

ಈ ಸಲದ್ದು ಕೌಬಾಯ್ ಚಿತ್ರ; ಹಳೆಯದು, ಹೆಸರಾದದ್ದು. ದೂರದ ಬಯಲಿನಲ್ಲಿ ಒಂದು ಚುಕ್ಕೆ ಮೂಡಿ, ಅದು ಕುದುರೆಯಾಗಿ, ಮೇಲೊಬ್ಬ ಮನುಷ್ಯನಾಗಿ ಹತ್ತಿರ ಬರುವತನಕ ಯಾರೂ ತುಟಿ ಬಿಚ್ಚುವುದಿಲ್ಲ. ಅಲ್ಲಿ ಗೂಳಪ್ಪನೂ ಮೈಕು ಕೆಳಗಿಳಿಸಿದ. ಅಂಥದನ್ನು ತೆಗೆದವರಿಗೆ ಕೈಮುಗಿಯಬೇಕು ಎನ್ನುತ್ತಿದ್ದ. ಆದರೆ ಇಂಥ ಚಿತ್ರಗಳಲ್ಲಿ ಆ ಸೀಮೆಯ ಮೂಲ ಜನ ಪರದೆಗೆ ಬಂದರೆ ಸಾಕು, ಅವನ ಮೈ ಉರಿಯುತ್ತಿತ್ತು. ಅವರಿಗೆ ಹೆಸರಿಲ್ಲ, ಮಾತಿಲ್ಲ. ಗುಂಡು ತಾಗಿ ಜೋಳದ ಕಣಕಿಯ ಸಿವುಡಿನಂತೆ ಉರುಳುವುದಷ್ಟೇ ಕೆಲಸ. ಇಷ್ಟೆಲ್ಲ ಹೊಡೆದಾಡಿದರೂ ನಾಯಕನ ಟೊಪ್ಪಿಗೆ ಮಾತ್ರ ಬೀಳುವುದಿಲ್ಲ.

ಈ ಚಿತ್ರದ ಮೊದಲ ದಿನ ಅವನೂ ತಪ್ಪು ಮಾಡಿದ್ದ. ಸೀಟಿಯ ಆಸೆಗೆ, "ಬಂದ್ರು ನೋಡ್ರಿ ಕಳ್ಳರು!" ಎಂದು ಕೂಗಿಬಿಟ್ಟಿದ್ದ. ಆಮೇಲೆ ಐದನೆಯ ರೀಲು ಬಂತು. ಆ ಜನರಲ್ಲೇ ಒಬ್ಬ ಮುದುಕ, ಅಲ್ಲಿ ಬಂದು ನೆಲೆಸಿದ ಬಿಳಿಯ ವಿಧವೆಯೊಬ್ಬಳ ಬಾವಿಗೆ ಬರುತ್ತಾನೆ. "ಈ ಬಾವಿ ನಮ್ಮಪ್ಪ ತೋಡಿದ್ದು. ಒಂದ ಬೊಗಸಿ ನೀರ ಕೊಡ್ತೀಯೇನವ್ವಾ?" ಗೂಳಪ್ಪ ಇದನ್ನು ಮುದುಕನ ದನಿಯಲ್ಲೇ ಹೇಳಿದ. ಕೊನೆಗೆ ಆ ಮುದುಕ ಗುಂಡು ತಗುಲಿ ಬಿದ್ದಾಗ ಒಬ್ಬನೂ ಸೀಟಿ ಹಾಕಲಿಲ್ಲ.

ಮನೆಗೆ ಬಂದು ಹೆಂಡತಿ ಶೇವಂತಿಗೆ ಇದನ್ನೆಲ್ಲ ಹೇಳಿದ. ಕಂಡಿಕೆಗೆ ನೂಲು ಸುತ್ತುತ್ತಿದ್ದ ಅವಳ ಕೈ ನಿಂತಿತು.

"ಆಕಿ ನೀರ ಕೊಟ್ಲೋ ಇಲ್ಲೋ?"

"ನಾಳಿ ಬಂದು ನೋಡು."

"ಹನ್ನೆರಡ ವರ್ಷ ಆತು ಲಗ್ನಾಗಿ, ಇವತ್ತ ಕರ್ಯಾಕತ್ತೀರಿ! ಬರ್ತೇನ್ರಿ. ಆ ಮುದುಕನ ಮಾರಿ ನೋಡಬೇಕು."

ಮರುದಿನ ಅವಳು ಬಂದು ಹೆಂಗಸರ ಬದಿಯಲ್ಲಿ ಕೂತಳು. ನಾಲ್ಕನೆಯ ರೀಲು ಮುಗಿಯಿತು. ಬಾವಿ ಬರಲಿಲ್ಲ. ಪರದೆ ಒಮ್ಮೆ ಜಿಗಿದು ನೇರ ಸಾರಾಯಿ ಅಂಗಡಿಯ ಹೊಡೆದಾಟಕ್ಕೆ ಹೋಯಿತು.

ಮಧ್ಯಂತರದಲ್ಲಿ ಗೂಳಪ್ಪ ಮಾಲೀಕ ಗಿರಮಲ್ಲಪ್ಪನ ಕೋಣೆಗೆ ನುಗ್ಗಿದ.

"ಐದನೇ ರೀಲ್ ಎಲ್ಲೈತ್ರಿ ಸಾವ್ಕಾರ್ರ?"

"ಡಬ್ಬ್ಯಾಗ ಐತಿ. ಅದರಿಂದ ನಿನ್ನೆ ಮ್ಯಾಟಿನಿ ತಡಾ ಆತು. ಮುದುಕಾ ನೀರ ಕೇಳೂದ ನೋಡಾಕ ಯಾರ ಬರ್ತಾರ ಲೇ ಗೂಳ್ಯಾ? ಕುದರಿ ಓಡಬೇಕು, ಗುಂಡ ಹಾರಬೇಕು."

"ಅದನ್ನ ತಗದ್ರ ಸಿನಿಮಾದಾಗ ಉಳಿಯೂದ ಏನ್ರಿ? ಟೊಪಗಿ! ಸೆರಗ ಕತ್ತರಿಸಿ ಒಗದು ಸೀರಿ ಅಂತ ಮಾರ್ತೀರೇನ್ರಿ?"

"ಪೋಸ್ಟರದಾಗ ನಿನ್ನ ಹೆಸರ ಐತೇನು? ಹೋಗು, ಮೈಕ್ ಹಿಡಿ."

ಹಿಡಿದ. ಹಲ್ಲು ಕಚ್ಚಿಕೊಂಡೇ ಕಥೆ ಮುಂದುವರಿಸಿದ. ಕೊನೆಯ ಕಾಳಗದಲ್ಲಿ ಮುದುಕ ಬಿದ್ದ. ಟಾಕೀಜು ಸೀಟಿಯಿಂದ ಕಿತ್ತುಹೋಯಿತು. ಹೆಂಗಸರ ಬದಿಯಲ್ಲಿ ಶೇವಂತಿ ಪಕ್ಕದವಳನ್ನು ಕೇಳುತ್ತಿದ್ದಳು, "ಸತ್ತಾಂವ ಯಾರ?"

ಗೂಳಪ್ಪನಿಗೆ ಇನ್ನು ತಡೆಯಲಾಗಲಿಲ್ಲ.

"ಸೀಟಿ ನಿಲ್ಲಿಸ್ರಿ!" ಮೈಕಿನಲ್ಲಿ ಅವನ ದನಿ ತಗಡನ್ನು ಅದುರಿಸಿತು. "ನಿನ್ನೆ ನಾನ ಕಳ್ಳರಂದೆ. ಸುಳ್ಳ ಹೇಳಿದೆ. ಅವರ ಬಾವಿ ಅದು. ನೀವು ನೋಡಬೇಕಾದ ರೀಲ್ ಡಬ್ಬ್ಯಾಗ ಮುಚ್ಚಿಟ್ಟಾರ. ಕೇಳ್ರಿ, ನಾ ಹೇಳ್ತೇನಿ. ಆ ಮುದುಕಾ ಬಾವಿಗಿ ಬಂದು—"

ಮೈಕು ಸತ್ತಿತು. ಯಾರೋ ವೈರು ಕಿತ್ತಿದ್ದರು. ಪರದೆಯ ಮೇಲೆ ನಾಯಕ ಟೊಪ್ಪಿಗೆ ಸರಿಪಡಿಸಿಕೊಳ್ಳುತ್ತಿದ್ದ.

ಗೂಳಪ್ಪ ಮೈಕನ್ನು ನೆಲಕ್ಕಿಟ್ಟ. ಬಾಗಿಲತ್ತ ನಡೆದ. ಬಾಯಿ ಮಾತ್ರ ನಿಲ್ಲಿಸಲಿಲ್ಲ. ಶೇವಂತಿ ಎದ್ದಳು, ಅವಳ ಹಿಂದೆ ಇನ್ನೂ ನಾಲ್ಕೈದು ಹೆಂಗಸರು. ಬಾಗಿಲು ತೆರೆದಾಗ ಬಿಸಿಲು ಒಳಗೆ ಬಿದ್ದು ಪರದೆ ಬಿಳುಚಿತು. ಅವನು ಹಿಂದೆ ತಿರುಗದೆ ಹೇಳುತ್ತಲೇ ಬಿಸಿಲಿಗೆ ಇಳಿದ:

"ಆಕಿ ಕೊಡಾ ಬಗ್ಗಿಸಿದ್ಲು. ಮುದುಕಾ ಬೊಗಸಿ ಒಡ್ಡಿದಾ. ಕುಡಿಯೂಕಿಂತ ಮೊದ್ಲ ಆಂವ ಆ ನೀರ ಒಂದೀಟ ನೆಲಕ್ಕ ಬಿಟ್ಟಾ, ಬಾವಿ ತೋಡಿದ ಅಪ್ಪನ ಹೆಸರಿಲೆ."