ಅಕ್ಕ ಮನೆ ನೋಡಲು ಬಂದಳು

ಆರು ತಿಂಗಳ ಹಿಂದಿನ ಮಾತು. ಹಲಸೂರಿನ ನಮ್ಮ ಮನೆ ಮಾರಾಟಕ್ಕಿದೆ ಎಂದು ಪೇಪರಿನಲ್ಲಿ ಮೂರು ಸಾಲಿನ ಜಾಹೀರಾತು ಕೊಟ್ಟಿದ್ದೆ. ಭಾನುವಾರ ಬೆಳಿಗ್ಗೆ ಹತ್ತೂವರೆಗೆ ಬೆಲ್ ಆಯಿತು. ಮೊದಲ ಗಿರಾಕಿ ಇಷ್ಟು ಬೇಗ ಬಂದುಬಿಟ್ಟರಲ್ಲ ಎಂದು ಖುಷಿಯಿಂದ ಬಾಗಿಲು ತೆಗೆದೆ.

ನಿಂತಿದ್ದವಳು ನನ್ನ ಅಕ್ಕ ಸರೋಜ.

ಕೈಯಲ್ಲಿ ಪೇಪರಿನ ತುಂಡು. ಕತ್ತರಿಯಿಂದ ನೀಟಾಗಿ ಕತ್ತರಿಸಿದ್ದು.

"ಮನೆ ನೋಡೋಕೆ ಬಂದಿದ್ದೀನಿ," ಅಂದಳು.

ನಾನು ನಕ್ಕೆ. ಅವಳು ನಗಲಿಲ್ಲ.

ಮನೆ ಮಾರುವಾಗ ಜನ ಏನೇನು ತಪ್ಪು ಮಾಡುತ್ತಾರೆ ಎಂದು ನನ್ನನ್ನು ಯಾರಾದರೂ ಕೇಳಿದ್ದರೆ ಆ ಭಾನುವಾರದ ಹಿಂದಿನ ದಿನದವರೆಗೂ ಒಂದು ಭಾಷಣವನ್ನೇ ಮಾಡುತ್ತಿದ್ದೆ. ಎರಡು ತಿಂಗಳಿಂದ ಅದೇ ಕೆಲಸವಾಗಿತ್ತಲ್ಲ! ನನ್ನ ಆಫೀಸು ದೊಡ್ಡನೆಕ್ಕುಂದಿಗೆ ಹೋಗಿ, ದಿನಾ ಎರಡು ಬಸ್ ಬದಲಿಸಿ ಸುಸ್ತಾಗಿ, ಹೊರಮಾವಿನಲ್ಲಿ ಒಂದು ಫ್ಲ್ಯಾಟ್ ನೋಡಿಟ್ಟಿದ್ದೆವು. ಅದಕ್ಕಾಗಿ ಈ ಮನೆ ಕೊಡಬೇಕಿತ್ತು. ಮೊದಲ ತಪ್ಪನ್ನು ಮೊದಲ ವಾರವೇ ಮಾಡಿದೆ. ಇಂದಿರಾನಗರದ ದೊಡ್ಡ ರಸ್ತೆಯ ರೇಟನ್ನು ನಮ್ಮ ಓಣಿಗೂ ಹಚ್ಚಿಕೊಂಡು ಕೂತೆ. (ನಮ್ಮ ಓಣಿಯಲ್ಲಿ ಎರಡು ಸ್ಕೂಟರ್ ಎದುರುಬದುರಾದರೆ ಒಂದು ಹಿಂದಕ್ಕೆ ಹೋಗಬೇಕು.) ಬ್ರೋಕರ್ ಮುರುಗೇಶ್ ಬಂದು ನನ್ನನ್ನು ನೆಲಕ್ಕಿಳಿಸಿದರು. ಪೇಂಟ್ ಹೊಡೆಸಿ, ಹಳೇ ಸಾಮಾನು ಸಾಗಿಸಿ, ಪತ್ರಗಳನ್ನೆಲ್ಲ ಒಂದು ಫೈಲಿನಲ್ಲಿಡಿ ಎಂದು ಪಟ್ಟಿ ಕೊಟ್ಟರು. ಎಲ್ಲ ಮಾಡಿದೆ.

ಕೊನೆಗೆ ಅವರು ಒಂದು ಮಾತು ಕೇಳಿದ್ದರು. ಅಪ್ಪ ಕಟ್ಟಿಸಿದ ಮನೆ, ವಿಲ್ ಬರೆದಿಲ್ಲ, ಅಮ್ಮನೂ ಇಲ್ಲ. ಹಾಗಾದರೆ ನಿಮ್ಮ ಸಿಸ್ಟರ್ ಸೈನ್ ಬೇಕಾಗುತ್ತಲ್ಲ ಸಾರ್ ಎಂದು.

"ಅದೇನು ಪ್ರಾಬ್ಲಮ್ ಇಲ್ಲ. ನಮ್ಮಕ್ಕ, ಎಲ್ಲಿ ಹೇಳಿದ್ರೆ ಅಲ್ಲಿ ಹಾಕ್ತಾಳೆ," ಅಂದಿದ್ದೆ.

ಅಹಂಕಾರದಿಂದ ಹೇಳಿದ್ದಲ್ಲ. ಪ್ರೀತಿಯಿಂದಲೇ ಹೇಳಿದ್ದು. ಅದೇ ಈಗ ಹೆಚ್ಚು ಚುಚ್ಚುತ್ತದೆ.

ಅಂಥ ನಂಬಿಕೆಗೆ ಕಾರಣವೂ ಇತ್ತು. ಅಪ್ಪ ತೀರಿಕೊಂಡ ಮೇಲೆ ಖಾತೆಯನ್ನು ನನ್ನ ಹೆಸರಿಗೆ ಮಾಡಿಸುವಾಗ ಅಕ್ಕ ಒಂದು ಕಾಗದಕ್ಕೆ ಸಹಿ ಹಾಕಿದ್ದಳು. ಅವಳು ಅದನ್ನು ಓದಲಿಲ್ಲ. ನಾನೂ ಓದಿ ಹೇಳಲಿಲ್ಲ. ಕಂದಾಯ ನನ್ನ ಹೆಸರಲ್ಲಿ, ಖಾತೆ ನನ್ನ ಹೆಸರಲ್ಲಿ. ಅಂದ ಮೇಲೆ ಮನೆ ನನ್ನದೇ ಎಂದು ಇಷ್ಟು ವರ್ಷ ಆರಾಮವಾಗಿ ನಂಬಿಕೊಂಡಿದ್ದೆ. ಖಾತೆ ಅಂದರೆ ಕಂದಾಯ ಯಾರಿಂದ ವಸೂಲಿ ಮಾಡಬೇಕು ಅನ್ನುವ ಲೆಕ್ಕವೇ ಹೊರತು ಮನೆ ಯಾರದ್ದು ಅನ್ನುವ ತೀರ್ಮಾನವಲ್ಲ ಎಂದು ನನಗೆ ಹೇಳಿದ್ದು ಮುರುಗೇಶ್. (ಎಷ್ಟು ಜನಕ್ಕೆ ಇದು ಗೊತ್ತಿದೆ? ನಿಮಗೆ ಗೊತ್ತಿತ್ತಾ?)

ಆಫೀಸಿನ ಗೆಳೆಯನೊಬ್ಬ ಇನ್ನೂ ಸುಲಭದ ದಾರಿ ತೋರಿಸಿದ್ದ. ಅರಿಶಿನ-ಕುಂಕುಮಕ್ಕೆ ಅಂತ ಒಂದಿಷ್ಟು ಕೊಟ್ಟು, ಹಕ್ಕು ಬಿಟ್ಟುಕೊಟ್ಟಿದ್ದೀನಿ ಅಂತ ಬರೆಸಿಕೊಳ್ಳೋದಪ್ಪ, ಎಲ್ಲರೂ ಮಾಡೋದು ಅದೇ ಎಂದಿದ್ದ. ಒಳ್ಳೆಯ ರೇಷ್ಮೆ ಸೀರೆಯನ್ನೂ ಕೊಡೋಣ ಎಂದು ನಾನು ಮನಸ್ಸಿನಲ್ಲೇ ಉದಾರಿಯಾಗಿದ್ದೆ.

ಇಂಥ ನನ್ನ ಮುಂದೆ ಅಕ್ಕ ಪೇಪರಿನ ತುಂಡು ಹಿಡಿದು ನಿಂತಿದ್ದಳು. ನನ್ನ ಹೆಂಡತಿ ಗೀತಾ ಕಾಫಿಗೆ ಎದ್ದಳು. ಅಕ್ಕ, ಮೊದಲು ಮನೆ ನೋಡುತ್ತೇನೆ ಎಂದಳು. ನಿಜವಾಗಿಯೂ ನೋಡತೊಡಗಿದಳು. ಅಡುಗೆಮನೆಯ ನಲ್ಲಿ ತಿರುಗಿಸಿದಳು. ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂದು ಕೇಳಿದಳು. ಮೆಟ್ಟಿಲು ಹತ್ತಿ ಮೇಲಿನ ರೂಮಿಗೆ ಹೋಗಿ ತಲೆಯೆತ್ತಿ ತಾರಸಿಯನ್ನೇ ನೋಡುತ್ತ ನಿಂತಳು.

ಆ ರೂಮನ್ನು ಕಟ್ಟಿದಾಗ ನಾನು ಎಂಟನೇ ಕ್ಲಾಸು. ಅಕ್ಕ ಆಗಲೇ ಕಾರ್ಖಾನೆಯ ಕೆಲಸಕ್ಕೆ ಸೇರಿದ್ದಳು. ಮದುವೆಯಾಗುವ ತನಕ ಏಳು ವರ್ಷ ಸಂಬಳದ ಕವರನ್ನು ಒಡೆಯದೆ ಅಪ್ಪನ ಕೈಗೆ ಕೊಟ್ಟವಳು. ಮೇಲಿನ ರೂಮು ಎದ್ದದ್ದು ಆ ಕವರುಗಳಿಂದ. ಎದ್ದ ಮೇಲೆ ಅದು ಯಾರಿಗೆ ಸಿಕ್ಕಿತು? ನನಗೆ, ಓದಿಕೊಳ್ಳಲಿ ಅಂತ. ಅಕ್ಕ ಕೆಳಗೆ ಅಮ್ಮನ ಜೊತೆ ನಡುಮನೆಯಲ್ಲೇ ಮಲಗುತ್ತಿದ್ದಳು. ಇದೆಲ್ಲ ನನಗೆ ಗೊತ್ತಿಲ್ಲದ್ದೇನೂ ಅಲ್ಲ. ಗೊತ್ತಿದ್ದೂ ಯಾವತ್ತೂ ನೆನಪಿಗೆ ಬಂದಿರಲಿಲ್ಲ, ಅಷ್ಟೆ.

"ಪೇಪರಲ್ಲಿ ಕ್ಲಿಯರ್ ಟೈಟಲ್, ಯಾರ ತಕರಾರೂ ಇಲ್ಲ ಅಂತ ಹಾಕ್ಸಿದ್ದೀಯಲ್ಲ ರಘು, ನನ್ನನ್ನ ಒಂದ್ಮಾತು ಕೇಳಿದ್ಯಾ?"

ಫೋನ್ ಮಾಡಬೇಕು ಅಂತಲೇ ಇದ್ದೆ ಎಂದೆ. ಅಕ್ಕನ ಮನೆ ಇರುವುದು ಕೆ.ಆರ್. ಪುರದಲ್ಲಿ, ಅಮೆರಿಕದಲ್ಲಲ್ಲ. ನನ್ನ ಜೇಬಿನಲ್ಲಿ ಮೊಬೈಲ್ ಇತ್ತು. ಎರಡು ತಿಂಗಳಲ್ಲಿ ಬ್ರೋಕರ್, ಪೇಂಟರ್, ಬ್ಯಾಂಕು, ಪೇಪರು, ಎಲ್ಲರಿಗೂ ಅದರಿಂದಲೇ ಫೋನ್ ಮಾಡಿದ್ದೆ.

ನಾನು ಇನ್ನೇನು ಹೇಳುತ್ತಿದ್ದೆನೋ, ಅಷ್ಟರಲ್ಲಿ ಮತ್ತೆ ಬೆಲ್ ಆಯಿತು. ಜಾಹೀರಾತು ನೋಡಿ ಬಂದ ಗಂಡ ಹೆಂಡತಿ. ಗಂಡನ ಹೆಸರು ಶರಣಪ್ಪ. ಗುಲ್ಬರ್ಗದ ಕಡೆಯವರು, ಇಲ್ಲೇ ಒಂದು ಕಚೇರಿಯಲ್ಲಿ ಕೆಲಸ. ಹೆಂಡತಿಯ ಹೆಗಲ ಮೇಲೆ ಒಂದು ವರ್ಷದ ಮಗು ನಿದ್ದೆ ಹೋಗಿತ್ತು. ಅಕ್ಕ ಏನೂ ಆಗಿಲ್ಲವೆಂಬಂತೆ ಅವರಿಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿದಳು.

ಕೆಳಗಿನ ಚಿಕ್ಕ ರೂಮಿನಲ್ಲಿ ಶರಣಪ್ಪನವರು ಗೋಡೆಗೆ ಅಂಗೈ ಇಟ್ಟರು.

"ಈ ಗ್ವಾಡಿ ಯಾಕ್ರೀ ಇಷ್ಟು ತಣ್ಣಗ ಅದ?"

"ಹೊಸಾ ಪೇಂಟ್ ಸಾರ್, ಇನ್ನೂ ಒಣಗಿಲ್ಲ," ಅಂದೆ.

ಪೇಂಟ್ ಒಣಗಿ ಹದಿನೈದು ದಿನವಾಗಿತ್ತು. ಮೇಲಿನ ಬಚ್ಚಲಿನ ಪೈಪು ಆ ಗೋಡೆಯೊಳಗೇ ಸೋರುತ್ತದೆ. ಅದು ನನಗೆ ಗೊತ್ತು, ಗೀತಾಗೆ ಗೊತ್ತು, ಅಕ್ಕನಿಗೆ ನಮ್ಮಿಬ್ಬರಿಗಿಂತ ಮೊದಲಿನಿಂದ ಗೊತ್ತು. ಅವಳೇನಾದರೂ ಹೇಳಿಬಿಡುತ್ತಾಳೇನೋ ಎಂದು ಅವಳ ಮುಖವನ್ನೇ ನೋಡಿದೆ. ಹೊರಗಿನವರ ಮುಂದೆ ಅಕ್ಕ ತುಟಿ ಬಿಚ್ಚಲಿಲ್ಲ. ನನ್ನ ಮಾನ ಉಳಿಸಿದಳು.

ಅವರು ಹೋದ ಮೇಲೆ ಕುರ್ಚಿಯಲ್ಲಿ ಕೂತಳು. ಆರಿದ ಕಾಫಿಯನ್ನೇ ಕುಡಿದಳು.

"ಮಳೆಗಾಲದಲ್ಲಿ ಆ ಹುಡುಗಿ ಆ ಗೋಡೆ ಪಕ್ಕದಲ್ಲೇ ಮಗೂನ ಮಲಗಿಸ್ಬೇಕು ಕಣೋ," ಅಂದಳು. ಲೋಟ ಕೆಳಗಿಟ್ಟು, "ನನಗೂ ಹೇಳಲಿಲ್ಲ. ಅವರಿಗೂ ಹೇಳಲಿಲ್ಲ. ಮನೆ ಮಾರೋದು ಅಂದ್ರೆ ಇಷ್ಟೊಂದು ಮುಚ್ಚಿಡ್ಬೇಕಾ?"

ಬೈದಿದ್ದರೆ ತಿರುಗಿ ಏನಾದರೂ ಹೇಳಬಹುದಿತ್ತು. ಅವಳು ಬೈಯಲಿಲ್ಲ.

ಸಹಿ ಹಾಕುತ್ತೇನೆ ಎಂದು ಅಕ್ಕ ತಾನಾಗಿಯೇ ಹೇಳಿದಳು. ಆದರೆ ಹಕ್ಕು ಬಿಟ್ಟವಳಾಗಿ ಅಲ್ಲ, ಮಾರುವವಳಾಗಿ. ಪತ್ರದಲ್ಲಿ ತನ್ನ ಹೆಸರು ನನ್ನ ಹೆಸರಿನ ಪಕ್ಕದಲ್ಲಿರಬೇಕು. ತನಗೆ ಬರಬೇಕಾದ ಅರ್ಧ ತನಗೆ ಬರಬೇಕು. ಅದನ್ನು ಏನು ಮಾಡುತ್ತೀಯ ಎಂದು ಬಾಯಿ ಜಾರಿ ಕೇಳಿಬಿಟ್ಟೆ. ನೀನು ನಿನ್ನದನ್ನು ಏನು ಮಾಡುತ್ತೀಯ ಅಂತ ನಾನು ಕೇಳಿದೆನಾ ಎಂದಳು. ಆಮೇಲೆ, ಆ ಗುಲ್ಬರ್ಗದವರಿಗೆ ಇವತ್ತೇ ಫೋನ್ ಮಾಡಿ ಗೋಡೆಯ ವಿಷಯ ಹೇಳು ಎಂದಳು.

ಆ ಫೋನಿಗೆ ನನಗೆ ಸಂಜೆಯವರೆಗೆ ಧೈರ್ಯ ಬೇಕಾಯಿತು. ಶರಣಪ್ಪನವರು ಪೂರ್ತಿ ಕೇಳಿಸಿಕೊಂಡು, ನೋಡೋಣರೀ ಎಂದಷ್ಟೇ ಹೇಳಿ ಇಟ್ಟರು. ಮುರುಗೇಶ್‌ಗೆ ಹೇಳಿದರೆ, ಪಾರ್ಟಿ ಹೋಯ್ತು ಸಾರ್ ಎಂದರು. ಹೋಗಲಿಲ್ಲ. ಮುಂದಿನ ಶನಿವಾರ ಶರಣಪ್ಪನವರು ಒಬ್ಬ ಮೇಸ್ತ್ರಿಯನ್ನು ಕರೆತಂದು ಗೋಡೆ ಒಡೆಸಿ ನೋಡಿದರು. ಪೈಪು ಬದಲಿಸುವ ಖರ್ಚನ್ನು ಬೆಲೆಯಲ್ಲಿ ಕಳೆಯಬೇಕು ಎಂದರು. ಕಳೆದೆವು. ನಾನು ಆಸೆಪಟ್ಟಿದ್ದಕ್ಕಿಂತ ಕಡಿಮೆಯೇ ಬಂತು. ಆದರೆ ನಾನಾಗಿ ಫೋನ್ ಮಾಡಿ ಹೇಳದಿದ್ದರೆ ನಮ್ಮ ಮೇಲೆ ನಂಬಿಕೆ ಬರುತ್ತಿರಲಿಲ್ಲ ಎಂದು ಅವರು ಆಮೇಲೆ ಮುರುಗೇಶ್ ಹತ್ತಿರ ಹೇಳಿದರಂತೆ.

ಸಬ್ ರಿಜಿಸ್ಟ್ರಾರ್ ಕಚೇರಿಗೆ ಈಗ ಕಂಪ್ಯೂಟರ್ ಬಂದಿದೆ. ಕುರ್ಚಿಯಲ್ಲಿ ಕೂರಿಸಿ ಫೋಟೋ ತೆಗೆಯುತ್ತಾರೆ, ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಾರೆ. ಅದಕ್ಕೂ ಮೊದಲು ಪತ್ರದ ಹಾಳೆಗಳಿಗೆ ಸಹಿ ಆಗಬೇಕು. ನಾನು ಮೊದಲಿನಿಂದ ಕೊನೆಯವರೆಗೆ ಎರಡೇ ನಿಮಿಷದಲ್ಲಿ ಗೀಚಿದೆ. ಅಕ್ಕ ಕನ್ನಡಕ ಹಾಕಿಕೊಂಡು ಮೊದಲ ಹಾಳೆಯಿಂದ ಓದತೊಡಗಿದಳು. ಹಿಂದೆ ಕ್ಯೂ ಬೆಳೆಯಿತು. ಗುಮಾಸ್ತರು, ಬೇಗ ಮಾಡೀಮ್ಮಾ ಎಂದು ಎರಡು ಸಲ ಹೇಳಿದರು.

"ಹೋದ ಸಲ ಓದದೆ ಹಾಕಿದ್ದೆ ಸಾರ್. ಈ ಸಲ ಓದ್ತೀನಿ," ಅಂದಳು.

ಯಾರನ್ನೂ ಆಡಿಕೊಳ್ಳುವ ದನಿ ಅಲ್ಲ. ಒಂದೊಂದು ಹಾಳೆ ಮುಗಿದಾಗಲೂ ತನ್ನ ಪೂರ್ತಿ ಹೆಸರು ಬರೆದಳು, ಕೊನೆಯಲ್ಲಿ ಅಪ್ಪನ ಹೆಸರು ಸೇರಿಸಿ. ಮದುವೆಯಾಗಿ ಇಷ್ಟು ವರ್ಷದ ಮೇಲೆ ಅಕ್ಕ ಅಪ್ಪನ ಹೆಸರಿನ ಜೊತೆ ಸಹಿ ಮಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಹೊರಗೆ ಹೋಗಿ ನಿಂತೆ.

ಇಲ್ಲಿಂದ ಮುಂದೆ ಅಕ್ಕ-ತಮ್ಮ ಅಪ್ಪಿಕೊಂಡು ಅತ್ತರು ಎಂದು ಬರೆದರೆ ನಿಮಗೆ ಸಮಾಧಾನವಾಗುತ್ತದೆ. ಹಾಗಾಗಲಿಲ್ಲ. ಹೊರಮಾವಿನ ಗೃಹಪ್ರವೇಶಕ್ಕೆ ಅಕ್ಕ ಬಂದಳು, ಊಟ ಮಾಡಿದಳು, ತಾಂಬೂಲ ತೆಗೆದುಕೊಂಡು ನೆಂಟರ ಹಾಗೆ ಹೊರಟಳು. ಮೊದಲಾದರೆ ಸೆರಗು ಸಿಕ್ಕಿಸಿಕೊಂಡು ಅಡುಗೆಮನೆಗೆ ನುಗ್ಗುತ್ತಿದ್ದಳು. ಈಗ ಪ್ರತಿ ಭಾನುವಾರ ನಾನೇ ಫೋನ್ ಮಾಡುತ್ತೇನೆ. ಹೋದ ವಾರ ಅವಳು ಹಪ್ಪಳ ಕಳಿಸಿದಳು. ಅಷ್ಟರ ಮಟ್ಟಿಗೆ ಬಂದಿದ್ದೇವೆ.

ಬೆಲೆ ಹೆಚ್ಚು ಹೇಳಿದರೆ ಇಳಿಸಬಹುದು. ಕಳೆದುಹೋದ ಪತ್ರಕ್ಕೆ ನಕಲು ಸಿಗುತ್ತದೆ. ಸೋರುವ ಗೋಡೆಗೆ ಮೇಸ್ತ್ರಿ ಇದ್ದಾನೆ. ಮನೆ ಮಾರಾಟದಲ್ಲಿ ನಾನು ಮಾಡಿದ ಉಳಿದ ತಪ್ಪುಗಳಿಗೆಲ್ಲ ಒಂದೊಂದು ರಿಪೇರಿ ಸಿಕ್ಕಿತು.

ಕೇಳದೆಯೇ ಸಿಕ್ಕೇ ಸಿಗುತ್ತದೆ ಅಂದುಕೊಂಡ ಸಹಿ, ನಿಮ್ಮ ಮನೆಯಲ್ಲಿ ಯಾರದ್ದು?